ತಿಪಟೂರು ಸಿದ್ಧಗಂಗಯ್ಯನವರ ಟವೆಲ್ ದಿಗ್ವಿಜಯ

ವರ ಕೊಡುವ ದೇವತೆಗಳೇ, ಒಂದು ಗಳಿಗೆ ಕೈಕೆಲಸ ಬಿಟ್ಟು ಇತ್ತ ಕಿವಿಗೊಡಿರಿ! ಭೂಗರ್ಭದ ಬೆಂಕಿ ಉಕ್ಕಿ, ಬೆಟ್ಟದ ನಡುವೇ ಕುಸಿದು, ಆ ಕುಳಿಗೆ ಮೆಡಿಟರೇನಿಯನ್ ಸಮುದ್ರ ನುಗ್ಗಿ ನಿಂತ ಸ್ಯಾಂಟೊರಿನಿಯೆಂಬ ಗ್ರೀಕ್ ದ್ವೀಪದಲ್ಲಿ, ನಿವೃತ್ತ ನೌಕರರು ಗ್ರೂಪ್ ಟೂರುಗಳಲ್ಲಿ ಖಂಡಾಂತರಗಳನ್ನು ಲಂಘಿಸುತ್ತಿದ್ದ ಪುಣ್ಯಯುಗದಲ್ಲಿ, ಒಂದು ಶುಭದಿನ ಬೆಳಿಗ್ಗೆ ಹನ್ನೊಂದೂವರೆಗೆ ನಡೆದ ಮಹಾಸಮರವನ್ನು ಹೇಳುತ್ತೇನೆ.

ಆ ಸಮರದ ನಾಯಕನಾರು? ತಿಪಟೂರುಪುರವರಾಧೀಶ್ವರ, ವಾತಾಯನಮಾರ್ಗವಸ್ತ್ರಪ್ರಕ್ಷೇಪಪ್ರವೀಣ, ನೂಕುನುಗ್ಗಲೆಂಬ ಗಜಘಟೆಗೆ ಪಂಚಾನನ, ಹೈಸ್ಕೂಲಿನ ನಿವೃತ್ತ ಗುಮಾಸ್ತ ಸಿದ್ಧಗಂಗಯ್ಯನವರು! ಮೂವತ್ತೆರಡು ವರ್ಷ ತಿಪಟೂರಿನಿಂದ ಅರಸೀಕೆರೆಗೆ ಬೆಳಗಿನ ಬಸ್ಸಿನಲ್ಲಿ ಓಡಾಡಿದ ಈ ಮಹಾನುಭಾವರು ಒಂದು ದಿನವೂ ನಿಂತು ಪ್ರಯಾಣ ಮಾಡಿದವರಲ್ಲ. ಬಸ್ಸು ನಿಲ್ಲುವ ಮೊದಲೇ ಅವರ ಕೆಂಪಂಚಿನ ಟವೆಲು ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಹಾಗೆ ಬಿದ್ದ ಟವೆಲಿಗೆ ನಮ್ಮ ಸೀಮೆಯಲ್ಲಿ ರಿಜಿಸ್ಟರಾದ ಪತ್ರದಷ್ಟೇ ಬೆಲೆ. ಅದನ್ನು ಸರಿಸಿ ಕೂರುವ ಗಂಡು ಇನ್ನೂ ಹುಟ್ಟಿಲ್ಲ.

ಇಂಥ ವೀರರಿಗೆ ದ್ವೀಪಕ್ಕೆ ಬರುವ ಹಡಗಿನಲ್ಲಿ ಅವರ ಧರ್ಮಪತ್ನಿ ಸರ್ವಮಂಗಳಮ್ಮ ಒಂದೇ ಒಂದು ಮಾತು ಕೇಳಿದ್ದರು. "ಯಾವಾಗ್ಲೂ ನನ್ನ ಮಧ್ಯಕ್ಕೇ ಕೂರಿಸ್ತೀರ. ಈ ಸಲನಾದ್ರೂ ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸಿ ಕಣ್ರೀ."

ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಗೆ ಒಂದು ಕಿಟಕಿ ಕೊಡಿಸಲಿಲ್ಲವಲ್ಲ! ಸಿದ್ಧಗಂಗಯ್ಯನವರು ಎದ್ದು ನಿಂತು, ಹಡಗಿನ ಕಂಬಿ ಹಿಡಿದು, ಎಡಗೈಯಿಂದ ಟವೆಲನ್ನು ಎತ್ತಿ ಹಿಡಿದರು.

"ಸರ್ವಮಂಗಳಾ! ಈ ಕಡಲು ಸಾಕ್ಷಿ, ಈ ಸೂರ್ಯ ಸಾಕ್ಷಿ! ಬೆಂಕಿ ಬೆಟ್ಟ ಕಾಣೋ ಕಡೆನೇ ನಿನಗೆ ಕಿಟಕಿ ಹಿಡಿದುಕೊಡ್ತೀನಿ. ಕೊಡದಿದ್ರೆ, ಇವತ್ತಿಂದ ಹೆಗಲ ಮೇಲೆ ಟವೆಲ್ ಹಾಕೋದೇ ಬಿಟ್ಟೆ!"

"ಅದಲ್ಲ ರೀ, ನಾನು ಹೇಳಿದ್ದು..."

"ಅದೂ ಇಲ್ಲ, ಇದೂ ಇಲ್ಲ. ಆಡಿದ್ದು ಆಡಿದ್ದೇ!"

ಬಂದರಿನಲ್ಲಿ ಟೂರಿನವರ ಬಸ್ಸು ಬಂದಿರಲಿಲ್ಲ. ಊರ ಬಸ್ಸಿನಲ್ಲೇ ಬೆಟ್ಟ ಹತ್ತಬೇಕು, ಎಡಗಡೆ ಕೂತರೆ ಕಡಲೂ ಅಗ್ನಿಪರ್ವತವೂ ಕಾಣುತ್ತವೆ ಎಂದು ಟೂರ್ ಮ್ಯಾನೇಜರ್ ಹೇಳಿದ. ಹೇಳಿದ್ದೇ ತಡ, ಧೂಳೆಬ್ಬಿಸಿಕೊಂಡು ಬಸ್ಸು ಬಂದೇ ಬಂತು. ಸಿದ್ಧಗಂಗಯ್ಯನವರು ಅರವತ್ತೇಳರ ಮಂಡಿಯನ್ನು ಲೆಕ್ಕಿಸದೆ ಧಾವಿಸಿ, ಎಡಪಾರ್ಶ್ವದ ಮೂರನೆಯ ಗವಾಕ್ಷವನ್ನು ಗುರಿಹಿಡಿದು, ಕುಲದೇವರನ್ನು ನೆನೆದು, ಮಂತ್ರಪೂತವಾದ ಆ ಪರಮಾಸ್ತ್ರವನ್ನು ಪ್ರಯೋಗಿಸಿಯೇಬಿಟ್ಟರು. ಟವೆಲು ಅಂಬರದಲ್ಲಿ ಬಿಚ್ಚಿಕೊಂಡು, ಕೆಂಪಂಚು ಮಿಂಚಿ, ಸೀಟನ್ನು ಉದ್ದಗಲಕ್ಕೂ ಆಕ್ರಮಿಸಿತು. ಆದರೆ ಅಯ್ಯೋ ವಿಧಿಯೇ! ಅದರ ಅಡಿಯಲ್ಲಿ ಆಗಲೇ ಒಂದು ಚೌಕಳಿ ಕರ್ಚೀಫು ಪವಡಿಸಿತ್ತು.

"ಯಾರ್ರೀ ಅದು, ನನ್ನ ಕರ್ಚೀಫಿನ ಮ್ಯಾಲೆ ಟವೆಲ್ ಒಗದವ್ರು?"

ಗುಡುಗಿದವರು ಅದೇ ಟೂರಿನ ಸಹಪ್ರಯಾಣಿಕ, ರಾಣೆಬೆನ್ನೂರಿನ ಬೀಜದ ವ್ಯಾಪಾರಿ, ಮುಷ್ಟಿಮಿತಕರವಸ್ತ್ರಧರ ರಾಚಪ್ಪ ಕಡೇಮನಿ. "ಅಮಾಸಿ ದಿನ ಹುಬ್ಬಳ್ಳಿ ಸ್ಟ್ಯಾಂಡಿನ್ಯಾಗ ಸೀಟ್ ಹಿಡದಾಂವ ನಾ! ಈ ಕರ್ಚೀಫ್ ಬಿತ್ತಂದ್ರ ಕುಂತ ಮಂದಿ ಎದ್ದು ನಿಂತಾರ!"

"ಕರ್ಚೀಫು ಇರೋದು ಮೂಗು ಒರೆಸೋಕೆ ಸ್ವಾಮಿ, ಸೀಟು ಹಿಡಿಯೋಕಲ್ಲ! ನನ್ನ ಟವೆಲ್ ನೋಡಿ, ಆ ತುದಿಯಿಂದ ಈ ತುದಿಗೆ ಹಾಸೈತೆ. ಅರಸೀಕೆರೆ ಬಸ್ಸಲ್ಲಿ ಕಂಡಕ್ಟರೇ ಇದಕ್ಕೆ ದಾರಿ ಬಿಡ್ತಿದ್ದ!"

"ಹಾಸಿದ್ರೇನಾತ್ರೀ? ನಂದು ಕೆಳಗ ಐತಿ. ಕೆಳಗಿದ್ದದ್ದು ಮೊದ್ಲ ಬಿದ್ದಂಗ ಅಲ್ಲೇನು?"

ಈ ಸೂಕ್ಷ್ಮ ನ್ಯಾಯವನ್ನು ಸಿದ್ಧಗಂಗಯ್ಯನವರು ಸುತರಾಂ ಒಪ್ಪಲಿಲ್ಲ. ಆಮೇಲೆ ಗಾಳಿಯ ದಿಕ್ಕು, ಕೈಯ ವೇಗ, ತಿಪಟೂರಿನ ಸಂಪ್ರದಾಯ, ರಾಣೆಬೆನ್ನೂರಿನ ರಿವಾಜು ಎಲ್ಲವೂ ಚರ್ಚೆಗೆ ಬಂದವು. ಇಬ್ಬರು ಮಹಾರಥಿಗಳೂ ಕಿಟಕಿಯ ಕೆಳಗೆ ನಿಂತು ಕೈ ಬೀಸಿ ಬೀಸಿ ವಾದಿಸಿದರು. ಬಸ್ಸಿನೊಳಗೆ ಹತ್ತಬೇಕೆಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಆ ದ್ವೀಪದ ಅಜ್ಜಿಯೊಬ್ಬಳು, ಕಪ್ಪು ಲಂಗದವಳು, ಟೊಮೆಟೊ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಟವೆಲಿನ ಧರ್ಮಶಾಸ್ತ್ರ ಆಕೆಗೇನು ಗೊತ್ತು? ಯಾರೋ ಪುಣ್ಯಾತ್ಮರು ಒರೆಸುವ ಬಟ್ಟೆ ಇಟ್ಟಿದ್ದಾರೆಂದು ಟವೆಲಿನಿಂದ ಸೀಟನ್ನು ತಿಕ್ಕಿ ತಿಕ್ಕಿ ಒರೆಸಿದಳು, ಕರ್ಚೀಫಿನಿಂದ ಕತ್ತಿನ ಬೆವರು ಒರೆಸಿಕೊಂಡಳು, ಧಾರಾಳವಾಗಿ ಕೂತಳು. ಎರಡನ್ನೂ ಮಡಚಿ ಕಿಟಕಿಯಿಂದ ಹಿಂದಿರುಗಿಸಿ, ಇಬ್ಬರ ಕೈಗೂ ಒಂದೊಂದು ಟೊಮೆಟೊ ಇಟ್ಟು, ಬೊಚ್ಚುಬಾಯಲ್ಲಿ ನಕ್ಕಳು.

ರಾಚಪ್ಪನವರಿಗೆ ನಗು ತಡೆಯಲಾಗಲಿಲ್ಲ. "ನಡೀರಿ ಸಾಹೇಬ್ರ, ಮುದುಕಿ ನಮ್ಮಿಬ್ಬರನೂ ಒರೆಸಿ ಒಗದ್ಲು," ಎಂದು ಒಳಗೆ ಹೋಗಿ ಸಿಕ್ಕ ಸೀಟಿನಲ್ಲಿ ಕೂತರು. ಸಿದ್ಧಗಂಗಯ್ಯನವರಿಗೆ ನಗು ಬರಲಿಲ್ಲ. ಸರ್ವಮಂಗಳಮ್ಮ ಆಗಲೇ ಬಲಗಡೆಯ ಒಂದು ಕಿಟಕಿ ಪಕ್ಕ ಕೂತು ಅವರಿಗೂ ಜಾಗ ಇಟ್ಟಿದ್ದರು. ಆದರೆ ಅತ್ತ ಕಾಣುತ್ತಿದ್ದುದು ಬರೀ ಬಂಡೆ. ಪ್ರತಿಜ್ಞಾಭಂಗವಾದ ವೀರರು ಟವೆಲನ್ನು ಹೆಗಲಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು.

ಬಸ್ಸು ಏರತೊಡಗಿತು. ಮೊದಲ ತಿರುವು ಬಂತು. ಹಾವಿನಂತೆ ಸುತ್ತುವ ಘಾಟಿ ರಸ್ತೆಗೆ ಎಡವೆಂದರೇನು, ಬಲವೆಂದರೇನು? ಬಸ್ಸು ಗರಕ್ಕನೆ ತಿರುಗಿದ್ದೇ ತಡ, ಬಂಡೆ ಅತ್ತ ಹೋಗಿ, ಅನಂತನೀಲಜಲರಾಶಿಯೂ ಅದರ ಮಧ್ಯೆ ಪ್ರಳಯಾಗ್ನಿಗರ್ಭವಾದ ಮಹಾಪರ್ವತವೂ ಸರ್ವಮಂಗಳಮ್ಮನ ಕಿಟಕಿಗೇ ಬಂದು ನಿಂತವು!

"ಬಂತು ಕಣೇ! ನೋಡೇ, ನಿನ್ನ ಕಿಟಕಿಗೇ ಬಂತು!" ಸಿದ್ಧಗಂಗಯ್ಯನವರ ಕಣ್ಣಲ್ಲಿ ನೀರಾಡಿತು.

ಸರ್ವಮಂಗಳಮ್ಮ ಕಣ್ಣನ್ನು ಬಿಗಿಯಾಗಿ ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಗಾಳಿಗೆ ಮುಖ ಕೊಟ್ಟು ಕೂತಿದ್ದರು.

"ಅಯ್ಯೋ, ನೋಡಿದ್ರೆ ತಲೆ ತಿರುಗ್ತದೆ. ನಾನು ಕಿಟಕಿ ಕೇಳಿದ್ದು ಗಾಳಿಗೆ ಕಣ್ರೀ. ಘಾಟಿ ಹತ್ತೋವಾಗ ನಂಗೆ ವಾಂತಿ ಬರಲ್ವಾ?"

ವೀರಾಧಿವೀರರು ಉಸ್ಸೆಂದು ಸೀಟಿಗೊರಗಿದರು. ಆಕೆಗೆ ಪಾಪ ಅನ್ನಿಸಿರಬೇಕು. ಕಣ್ಣು ಬಿಡದೆಯೇ ಕೇಳಿದರು.

"ಹೋಗ್ಲಿ, ನೀವೇ ನೋಡಿ ಹೇಳಿ. ಏನ್ ಕಾಣ್ತೈತೆ?"

ಸಿದ್ಧಗಂಗಯ್ಯನವರು ಹೆಂಡತಿಯ ಮೇಲಿಂದ ಬಾಗಿ, ಕತ್ತು ಚಾಚಿ, ಮುಂದಿನ ತಿರುವು ಬರುವವರೆಗೂ ನೋಡಿದರು.

"ನೀರು," ಎಂದರು. "ಮಧ್ಯ ಒಂದು ಕರೀ ಗುಡ್ಡ."

"ಅಷ್ಟೇನಾ?"

"ಅಷ್ಟೇ ಕಣೇ."