ದೊರೆಯ ಕತ್ತಿ ಯಾವ ಕೈಯಲ್ಲಿ?

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಭೂತಕನ್ನಡಿಯ ಗ್ರಹಚಾರ ಕೆಟ್ಟಿತು. ಈ ಭೂತಕನ್ನಡಿ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಆಸಾಮಿ. ಮದುವೆಯ ಕಾಗದ ಕೊಟ್ಟರೂ ಮದುಮಗಳ ಹೆಸರು ನೋಡುವ ಮೊದಲು ಬಿಟ್ಟುಹೋದ ಅಲ್ಪವಿರಾಮ ಹುಡುಕುವವನು. ಅಡ್ಡಹೆಸರು ಇಟ್ಟವರು ಸಹೋದ್ಯೋಗಿಗಳು, ಖಾಯಂ ಮಾಡಿದವಳು ಹೆಂಡತಿ.

ಪಕ್ಕದ ಮನೆಯ ನಿವೃತ್ತ ಇತಿಹಾಸದ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಒಂದು ನೋಟು ಆಡಿಸಿದರು. ರಾಜ್ಯಕ್ಕೆ ನೂರು ವರ್ಷ ತುಂಬಿದ ನೆನಪಿಗೆ ಅಚ್ಚಾದ ನೋಟು ಅದು. ಅಂಗಡಿಯಲ್ಲಿ ನಡೆಯುವುದಿಲ್ಲ, ಗೋಡೆಗೆ ಹಾಕಿಕೊಳ್ಳಬಹುದು ಅಷ್ಟೆ. ಒಂದು ಬದಿಗೆ ಕೋಟೆ, ಇನ್ನೊಂದು ಬದಿಗೆ ಚೌಕದ ಪ್ರತಿಮೆ: ರಾಜ್ಯ ಕಟ್ಟಿದ ದೊರೆ ಕತ್ತಿ ಎತ್ತಿ ನಿಂತಿದ್ದಾನೆ. ಹಿಂದಿನ ದಿನ ಮೊದಲ ನಲವತ್ತನ್ನು ನೌಕರರಿಗೆ ಹಂಚಿದ್ದರು. ತನ್ನ ಪಾಲಿನದನ್ನು ಭೂತಕನ್ನಡಿಯೇ ಮೇಷ್ಟ್ರಿಗೆ ಕೊಟ್ಟಿದ್ದ.

"ಏನಯ್ಯಾ, ದೊರೆ ಎಡಗೈಯಲ್ಲಿ ಕತ್ತಿ ಹಿಡಿದಿದ್ದಾನೆ! ಕರಡಿಗೆ ಸಹಿ ಹಾಕಿದ್ದು ನೀನೇ ತಾನೇ?"

"ಚಿತ್ರ ನಾನು ನೋಡಲ್ಲ ಮೇಷ್ಟ್ರೇ. ಅಕ್ಷರ ನೋಡೋನು."

"ಮೂವತ್ತು ವರ್ಷ ಪಾಠ ಹೇಳಿದೀನಿ. ಕತ್ತಿ ಬಲಗೈಯಲ್ಲೇ. ಫೋಟೋ ತಿರುಗುಮುರುಗಾಗಿದೆ ಕಣಯ್ಯಾ. ನೀನೇನೂ ಹೆದರಬೇಡ, ನಿಮ್ಮ ಮ್ಯಾನೇಜರಿಗೆ ನಾನೇ ಫೋನ್ ಮಾಡಿ ಹೇಳಿದೀನಿ."

ಭೂತಕನ್ನಡಿ ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟ.

ಮುದ್ರಣಾಲಯದಲ್ಲಿ ಆಗಲೇ ವಿಚಾರಣೆ ನಡೆದಿತ್ತು. ಮ್ಯಾನೇಜರ್ ಎದ್ದುನಿಂತು ದೊರೆಯ ಹಾಗೆ ಸ್ಕೇಲು ಎತ್ತಿ ನೋಡಿದರು. ಬಲಗೈ. ಟೈಪಿಸ್ಟಮ್ಮ ಛತ್ರಿ ಎತ್ತಿದರು. ಬಲಗೈ. ಮಷಿನ್ನಿನವನು ಸ್ಪ್ಯಾನರ್ ಎತ್ತಿದ. ಅವನದೂ ಬಲಗೈ. ಇನ್ನೇನು ಸಾಕ್ಷಿ ಬೇಕು? ಫೋಟೋ ತೆಗೆದವನೂ ತಲೆ ಕೆರೆದುಕೊಂಡು, "ಕಂಪ್ಯೂಟರ್ ತಿರುಗಿಸಿರಬೇಕು ಸಾರ್" ಎಂದ.

"ಸಂಜೆ ಐದಕ್ಕೆ ಮಂತ್ರಿಗಳು ಬಿಡುಗಡೆ ಮಾಡ್ತಾರೆ," ಎಂದರು ಮ್ಯಾನೇಜರ್. "ಅಷ್ಟರಲ್ಲಿ ಹೊಸದು ಮೂರು ಸಾವಿರ ಅಚ್ಚಾಗಬೇಕು, ಹಳೇ ನಲವತ್ತೂ ವಾಪಸ್ ಬರಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರಬೇಡಿ."

ಇಪ್ಪತ್ತಮೂರು ವರ್ಷದ ನೌಕರಿ. ಭೂತಕನ್ನಡಿಗೆ ನಿಜವಾಗಿಯೂ ಭಯವಾಯಿತು. ಬಲಗೈ ದೊರೆಯ ಹೊಸ ಕರಡಿಗೆ ಸಹಿ ಹಾಕಿ ಬೀದಿಗೆ ಬಿದ್ದ.

ನಲವತ್ತೂ ಒಂದೇ ರಾತ್ರಿಯಲ್ಲಿ ನೆಂಟರಿಷ್ಟರ ಮನೆ ಸೇರಿದ್ದವು. ಟೈಪಿಸ್ಟಮ್ಮನ ತಾಯಿ ಯಾವ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದೇನೆಂದು ಮರೆತಿದ್ದರು. ಕಪಾಟಿನ ಪುಸ್ತಕವನ್ನೆಲ್ಲ ಒದರಬೇಕಾಯಿತು. ಡ್ರೈವರನ ನಾದಿನಿಯ ಕೂಸು ಕೋಟೆಯನ್ನು ಅಗಿದು ನುಂಗಿತ್ತು. "ಉಳಿದರ್ಧ ನಾಳೆ ಸಿಗುತ್ತೆ, ಕಾಯ್ತೀರಾ?" ಎಂದಳು ಆಕೆ. ಮಷಿನ್ನಿನವನ ಭಾವಮೈದ ಕ್ಷೌರಿಕ. ಅವನು ಅಂಗಡಿಯ ಕನ್ನಡಿಗೆ ಗಟ್ಟಿ ಅಂಟು ಹಾಕಿ ಮೆತ್ತಿದ್ದ.

"ಕಿತ್ರೆ ಹರಿದು ಅರ್ಧ ಇಲ್ಲೇ ಉಳಿಯುತ್ತೆ. ಬೇಕಾದ್ರೆ ಕನ್ನಡೀನೂ ತಗೊಂಡ್ಹೋಗಿ. ನಾಳೆ ಬೆಳಿಗ್ಗೆ ಗಿರಾಕಿ ಬರೋಷ್ಟರಲ್ಲಿ ವಾಪಸ್ ತನ್ನಿ."

ಭೂತಕನ್ನಡಿ ಆಳೆತ್ತರದ ಕನ್ನಡಿ ಹೊತ್ತು ಬಿಸಿಲಲ್ಲಿ ನಡೆದ. ಬೀದಿಯಲ್ಲಿ ನಾಲ್ಕು ಜನ ಅವನನ್ನು ನಿಲ್ಲಿಸಿ ತಲೆ ಬಾಚಿಕೊಂಡರು.

ಕೊನೆಯದು ಮೇಷ್ಟ್ರದು. "ಇದು ಚಾರಿತ್ರಿಕ ದಾಖಲೆ, ಸುಮ್ಮನೆ ಕೊಡೋಕಾಗಲ್ಲ," ಎಂದರು. ಅವರ ಒಂಬೈನೂರು ಪುಟದ ಆತ್ಮಕಥೆಯ ಕರಡು ತಿದ್ದಿಕೊಡುವುದಾಗಿ ಮಾತು ಕೊಟ್ಟ ಮೇಲೆಯೇ ನೋಟು ಕೈಗೆ ಬಂತು.

ಐದಕ್ಕೆ ಹತ್ತು ನಿಮಿಷ ಇರುವಾಗ, ಕೂಸು ಬಿಟ್ಟ ಅರ್ಧ, ಕನ್ನಡಿಯಿಂದ ಕೆರೆದದ್ದು ಎಲ್ಲ ಸೇರಿ ನಲವತ್ತೂ ಲೆಕ್ಕಕ್ಕೆ ಸಿಕ್ಕಿ ಚೂರಾದವು. "ಭೇಷ್! ನಿಮ್ಮ ಕೆಲಸ ಉಳೀತು ಕಣ್ರೀ," ಎಂದು ಮ್ಯಾನೇಜರ್ ಬೆನ್ನು ತಟ್ಟಿದರು. ಭೂತಕನ್ನಡಿಗೆ ಕಣ್ಣು ತುಂಬಿಬಂತು.

ಸಮಾರಂಭ ಚೌಕದಲ್ಲಿತ್ತು. ಮೂರು ಸಾವಿರ ನೋಟುಗಳನ್ನು ಜನರಿಗೆ ಮೊದಲೇ ಹಂಚಿಯಾಗಿತ್ತು. ಮಂತ್ರಿಗಳು ದಾರ ಎಳೆದರು. ಪರದೆ ಸರಿದು ನೋಟಿನ ದೊಡ್ಡ ಚಿತ್ರ ಕಾಣಿಸಿತು. ಅದರಲ್ಲಿ ದೊರೆ ಬಲಗೈಯಲ್ಲಿ ಕತ್ತಿ ಎತ್ತಿದ್ದ. ಅದರ ಪಕ್ಕದಲ್ಲೇ, ಕಟ್ಟೆಯ ಮೇಲೆ, ಕಂಚಿನ ದೊರೆ ಎಡಗೈಯಲ್ಲಿ ಎತ್ತಿದ್ದ.

ಮಂತ್ರಿಗಳು ಚಿತ್ರ ನೋಡಿದರು, ಪ್ರತಿಮೆ ನೋಡಿದರು, ಮತ್ತೆ ಚಿತ್ರ ನೋಡಿದರು. ಜನರೆಲ್ಲ ಕೈಯಲ್ಲಿದ್ದ ನೋಟು ನೋಡಿಕೊಂಡರು.

ಮುಂದಿನ ಸಾಲಿನಿಂದ ಮೇಷ್ಟ್ರು ಎದ್ದುನಿಂತರು. "ನಾನು ಬೆಳಿಗ್ಗೇನೇ ಹೇಳ್ಲಿಲ್ವಾ? ಇವನು ಚಿತ್ರ ನೋಡೋದೇ ಇಲ್ಲ ಅಂತ!"

ಮ್ಯಾನೇಜರ್ ಭೂತಕನ್ನಡಿಯ ಕಿವಿಯ ಹತ್ತಿರ ಬಗ್ಗಿದರು. "ಮೂರು ಸಾವಿರವೂ ವಾಪಸ್ ಬರಬೇಕು ಕಣ್ರೀ. ನಾಳೆ ಸಂಜೆ ಐದರೊಳಗೆ."