ಮೂಲಂಗಿಗೆ ಹದಿನಾಲ್ಕು ಪ್ರಶ್ನೆಗಳು

ನಮ್ಮಿಬ್ಬರ ಮೊದಲ ಭೇಟಿ ಆದದ್ದು ಇಚಿಕಾವಾದ ಗ್ಯೋಟೋಕು ಸ್ಟೇಷನ್ನಿನ ಎದುರು, ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ನಾನು ಜಪಾನಿಗೆ ಬಂದು ಹನ್ನೆರಡು ದಿನವಾಗಿತ್ತು. ನನ್ನ ಕೈಯಲ್ಲಿ ಕಾಗದದ ಚೀಲ, ಚೀಲದಲ್ಲಿ ಏಳು ಈರುಳ್ಳಿ. ಅವನು ಆರೂವರೆ ಅಡಿ ಎತ್ತರ, ಬಿಳಿ ಮೈ, ತಲೆಯ ಮೇಲೆ ಹಸಿರು ಸೊಪ್ಪು. ಸೊಂಟವೆಂಬುದೇ ಇಲ್ಲ. ಏಕೆಂದರೆ ಅವನು ಮೂಲಂಗಿ.

ಊರಿನ ಫುಟ್‌ಬಾಲ್ ಕ್ಲಬ್ಬು ಎಫ್.ಸಿ. ಶಿಯೊಕಾಜೆಯ ಮ್ಯಾಸ್ಕಾಟ್ ಅವನು, ನಡೆದಾಡುವ ಲಾಂಛನ, ಹೆಸರು ದೈಕೊ-ಕುನ್. ಕ್ಲಬ್ಬಿನ ಮಾಲೀಕರದು ಮೂಲಂಗಿ ಉಪ್ಪಿನಕಾಯಿ ಕಂಪನಿಯಾದ್ದರಿಂದ ಹುಲಿ ಸಿಂಹಗಳ ಬದಲು ಮೂಲಂಗಿ. ಅವನು ನನಗೆ ಪಂದ್ಯದ ಚೀಟಿ ಕೊಡಲು ಬಂದ ಗಳಿಗೆಯಲ್ಲೇ ನನ್ನ ಚೀಲದ ತಳ ಹರಿಯಿತು. ಏಳು ಈರುಳ್ಳಿ ಏಳು ದಿಕ್ಕಿಗೆ ಉರುಳಿದವು. ಎತ್ತಿಕೊಡಲು ಹೋದ ಮೂಲಂಗಿ ಬಗ್ಗಲಾಗದೆ ಬೋರಲು ಬಿತ್ತು. ನಾನು ಅದನ್ನು ಎತ್ತಿ ನಿಲ್ಲಿಸಿದೆ. ಇಬ್ಬರೂ ಸೇರಿ ಆರು ಈರುಳ್ಳಿ ಹುಡುಕಿದೆವು. ಏಳನೆಯದು ಸಿಗಲಿಲ್ಲ. ಮೂಲಂಗಿ ಇಡೀ ಮೈಯನ್ನು ಮುಂದಕ್ಕೆ ವಾಲಿಸಿ ಮೂರು ಸಲ ಕ್ಷಮೆ ಕೇಳಿತು. ಆ ಊರಿನಲ್ಲಿ ನನ್ನನ್ನು ಮೊದಲು ಗಮನಿಸಿದ ಜೀವ ಅದು. ಮರುದಿನವೇ ಪಂದ್ಯಕ್ಕೆ ಹೋದೆ. ನಾವು ಸೊನ್ನೆಗೆ ಆರು ಗೋಲಿನಿಂದ ಸೋತೆವು. ಅಂದಿನಿಂದ ನಾನು ಪಕ್ಕಾ ಅಭಿಮಾನಿ.

ಹೋದ ಬೇಸಿಗೆಯ ಹೊತ್ತಿಗೆ ಕ್ಲಬ್ಬಿನ ಸ್ಥಿತಿ ಕೆಟ್ಟಿತ್ತು. ಉಪ್ಪಿನಕಾಯಿ ತಿನ್ನುವವರು ಕಡಿಮೆಯಾಗಿದ್ದಾರಂತೆ, ಮಾಲೀಕ ಮೊರಿವಾಕಿ-ಸಾನ್ ಕ್ಲಬ್ಬನ್ನು ಯಾವುದೋ ದೊಡ್ಡ ಕಂಪನಿಗೆ ಮಾರುತ್ತಾರಂತೆ, ಅವರು ತಂಡವನ್ನು ಬೇರೆ ಊರಿಗೇ ಸಾಗಿಸುತ್ತಾರಂತೆ. ನಾವು ಇನ್ನೂರ ಮೂವತ್ತು ಅಭಿಮಾನಿಗಳು ಕುದಿದು ಹೋದೆವು. ಉಗ್ರ ಪ್ರತಿಭಟನೆ ನಡೆಯಿತು. ಹದಿನೈದು ಅಡಿ ಉದ್ದದ ಬ್ಯಾನರ್ ಹಿಡಿದೆವು. ಅದರ ಮೇಲೆ, 'ಮಾಲೀಕರು ಕೆಲಸದ ಒತ್ತಡದಲ್ಲಿರುವುದು ನಮಗೆ ಗೊತ್ತು, ಆದರೂ ಬಿಡುವಾದಾಗ ಸ್ವಲ್ಪ ವಿವರಿಸಿದರೆ ಸಂತೋಷ' ಎಂದು ಬರೆದಿತ್ತು. ಪಂದ್ಯ ಮುಗಿದ ಮೇಲೆ ಬ್ಯಾನರನ್ನು ಮಡಿಸಿ, ಕಸ ಹೆಕ್ಕಿ ಮನೆಗೆ ಹೋದೆವು. ಮಾಲೀಕರ ಮುಖವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಪಂದ್ಯಕ್ಕೂ ಅವರು ಬರುತ್ತಿರಲಿಲ್ಲ.

"ಈ ಕ್ಲಬ್ಬನ್ನು ನಾನು ಉಳಿಸ್ತೀನಿ," ಎಂದು ಅಂದು ಹೆಂಡತಿ ಸ್ಫೂರ್ತಿಗೆ ಘೋಷಿಸಿದೆ.

"ಮೊದ್ಲು ಬಾಲ್ಕನಿಲಿ ಒಣಗ್ತಿರೋ ಬಟ್ಟೆ ಉಳಿಸಿ, ಮಳೆ ಬರ್ತಿದೆ," ಎಂದಳು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಮಾಲೂರಿನ ಕಡೆಯ ಹಳ್ಳಿಯಲ್ಲಿ ತರಕಾರಿ ಬೆಳೆಯುವವರ ಮಗ. ಹಿಡಿದ ಪುಸ್ತಕವನ್ನು ಅರ್ಧ ಓದಿ ಬಿಟ್ಟವನಲ್ಲ. ಕ್ಲಬ್ಬಿನ ವಿಷಯವನ್ನೂ ಪರೀಕ್ಷೆಗೆ ಓದುವ ಹಾಗೆಯೇ ಓದಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಂಚು ಬಿಟ್ಟು, ಕೆಂಪು ಶಾಯಿಯ ತಲೆಬರಹ ಹಾಕಿ, ಮಾಲೀಕರಿಗೆ ಹದಿನಾಲ್ಕು ಪ್ರಶ್ನೆ ತಯಾರಿಸಿದೆ. ಕೇಳುವುದು ಯಾರನ್ನು?

ಆಗ ಕ್ಲಬ್ಬು ಅಭಿಮಾನಿಗಳಿಂದ ಚಂದಾ ಎತ್ತಲು ಹೊರಟಿತು. ಮೂರು ಸಾವಿರ ಯೆನ್ ಕೊಟ್ಟವರಿಗೆ ಒಂದು ಟವೆಲ್, ಐವತ್ತು ಸಾವಿರ ಕೊಟ್ಟವರ ಮನೆಗೆ ದೈಕೊ-ಕುನ್ ಒಂದು ಗಂಟೆ ಅತಿಥಿ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಮ್ಯಾಸ್ಕಾಟ್ ಎಂದರೆ ಒಳಗಿನವನು, ಆಫೀಸಿನ ಗುಟ್ಟೆಲ್ಲ ಬಲ್ಲವನು. ಸ್ಫೂರ್ತಿಗೆ ಟವೆಲ್ ತಗೊಂಡೆ ಎಂದೆ. ಅವಳು ನಮ್ಮ ಮಗಳು ಕೃತಿಯನ್ನು ಈಜಿನ ಕ್ಲಾಸಿಗೆ ಕರೆದೊಯ್ಯುವ ಶನಿವಾರದ ಸಮಯವನ್ನೇ ಅತಿಥಿಗೆ ಗೊತ್ತು ಮಾಡಿದೆ.

ಆಗಸ್ಟ್ ತಿಂಗಳು, ಮೂವತ್ತಾರು ಡಿಗ್ರಿ ಬಿಸಿಲು. ಸರಿಯಾಗಿ ಎರಡು ಗಂಟೆಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ದೈಕೊ-ಕುನ್ ಒಬ್ಬನೇ. ಕೆಳಗೆ ಉಪ್ಪಿನಕಾಯಿ ಕಂಪನಿಯ ಪುಟ್ಟ ವ್ಯಾನ್ ನಿಂತಿತ್ತು, ಡ್ರೈವರ್ ಕಾಣಲಿಲ್ಲ. ಮ್ಯಾಸ್ಕಾಟ್ ಮಾತಾಡುವಂತಿಲ್ಲ, ಒಳಗೆ ಮನುಷ್ಯ ಇದ್ದಾನೆಂದು ನಾವೂ ಅನ್ನುವಂತಿಲ್ಲ. ಇದು ಈ ದೇಶದ ನೇಮ. ಚಪ್ಪಲಿ ಬಿಡುವ ಜಾಗದಲ್ಲಿ ಅವನು ತನ್ನ ಪಾದಗಳನ್ನೇ ನೋಡುತ್ತಾ ನಿಂತ. ಬಿಚ್ಚಲು ಅವು ಬೂಟಲ್ಲ, ಮೂಲಂಗಿಯ ಭಾಗ. ನಾನೇ ಒದ್ದೆ ಬಟ್ಟೆ ತಂದು ಎರಡೂ ಪಾದ ಒರೆಸಿದೆ.

ಅವನು ಎರಡು ಹೆಜ್ಜೆ ಒಳಗಿಟ್ಟ. ಮೂರನೆಯದು ಇಡಲಾಗಲಿಲ್ಲ. ಬಾಗಿಲಿನಿಂದ ಹಾಲ್‌ಗೆ ಬರುವ ನಮ್ಮ ಓಣಿ ಎರಡೂವರೆ ಅಡಿ ಅಗಲ, ಮೂಲಂಗಿಯ ಹೊಟ್ಟೆ ಅದಕ್ಕಿಂತ ಹೆಚ್ಚು. ಸಿಕ್ಕಿಕೊಂಡ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎ.ಸಿ. ಇರುವುದು ಹಾಲ್‌ನಲ್ಲಿ.

ಒಂದು ಗಂಟೆಯಲ್ಲಿ ಆಗಲೇ ಹತ್ತು ನಿಮಿಷ ಹೋಗಿತ್ತು. ಬಿಡಿಸುವುದು ಆಮೇಲಾಗಲಿ ಎಂದು ಓಣಿಯ ಈ ತುದಿಯಲ್ಲಿ ಕುರ್ಚಿ ಹಾಕಿಕೊಂಡು ನೋಟ್‌ಬುಕ್ ತೆರೆದೆ. ಒಂದೊಂದೇ ಪ್ರಶ್ನೆಯನ್ನು ಜಪಾನಿ ಭಾಷೆಯಲ್ಲಿ, ಪೀಠಿಕೆ ಸಮೇತ ಓದಿದೆ. ಮೂಲಂಗಿ ತಲೆಯಾಡಿಸಿತು. ಇಂಥ ಕೇಳುಗ ನನಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ. ಹುರುಪು ಬಂತು. ಮಾಲೀಕರಿಗೆ ಫುಟ್‌ಬಾಲೂ ಗೊತ್ತಿಲ್ಲ, ಉಪ್ಪಿನಕಾಯಿಯೂ ಗೊತ್ತಿಲ್ಲ ಎಂದೆ. ಪಂದ್ಯಕ್ಕೂ ಬಾರದ, ಮುಖ ತೋರಿಸಲು ಧೈರ್ಯವಿಲ್ಲದ ಮನುಷ್ಯ ಎಂದೆ. ಅದಕ್ಕೂ ತಲೆಯಾಡಿಸಿತು.

"ಒಂಬತ್ತನೇ ಪ್ರಶ್ನೆ. ಮೊಣಕಾಲು ಮುರಿದಿದ್ದ ಆ ಸ್ಟ್ರೈಕರನ್ನು ವಿದೇಶದಿಂದ ತರಿಸಿದ್ದು ಯಾರ ಬುದ್ಧಿ?"

ಮೂಲಂಗಿ ಮೆಲ್ಲಗೆ ಬಲಗೈ ಎತ್ತಿತು.

"ನೀರು ಬೇಕೇ? ಇನ್ನು ಐದೇ ಪ್ರಶ್ನೆ," ಎಂದೆ.

ಹನ್ನೆರಡನೆಯ ಪ್ರಶ್ನೆಯ ಹೊತ್ತಿಗೆ ಮೂಲಂಗಿಯ ಸೊಪ್ಪು ಒಂದು ಕಡೆಗೆ ವಾಲತೊಡಗಿತು. ಅದೇ ಸಮಯಕ್ಕೆ ಅದರ ಹಿಂದಿನಿಂದ ಸ್ಫೂರ್ತಿಯ ದನಿ ಬಂತು. ಅಂದು ಈಜಿನ ಕ್ಲಾಸು ಬೇಗ ಬಿಟ್ಟಿತ್ತು.

"ರೀ, ಬಾಗಿಲಿಗೆ ಏನ್ರೀ ಅಡ್ಡ ಇಟ್ಟಿದ್ದೀರಿ? ಹಾಸಿಗೆನಾ?"

"ಮೂಲಂಗಿ ಕಣೇ."

"ಎಷ್ಟು ಕೆ.ಜಿ. ತಂದ್ರಿ?"

"ದೈಕೊ-ಕುನ್!" ಎಂದು ಕೃತಿ ಕೂಗಿದಳು.

"ಟವೆಲ್ ಅಂದ್ರಲ್ಲ?" ಸ್ಫೂರ್ತಿ ಮೂಲಂಗಿಯ ಬೆನ್ನಿಗೇ ಕೇಳಿದಳು. ಮೂಲಂಗಿ ತಲೆಯಾಡಿಸಿತು. "ರೀ, ಇವ್ರು ತೂಗಾಡ್ತಿದ್ದಾರೆ. ಒಳಗಿರೋರು ಊಟ ಮಾಡಿದಾರಾ? ನೀರಾದ್ರೂ ಕೊಟ್ರಾ?"

"ಒಳಗೆ ಯಾರೂ ಇಲ್ಲಮ್ಮ. ಹಾಗೆಲ್ಲ ಹೇಳ್ಬಾರ್ದು," ಎಂದು ಜಪಾನಿನಲ್ಲೇ ಬೆಳೆದ ಕೃತಿ ತಾಯಿಯನ್ನು ತಿದ್ದಿದಳು.

"ಯಾರೂ ಇಲ್ದೇ ಇರೋರು ಬಿದ್ದು ಹೋಗ್ತಾರೆ ಕಣೇ. ರೀ, ನಾನು ದೂಡ್ತೀನಿ, ನೀವು ಎಳೀರಿ."

ಮೂಲಂಗಿ ಕೀಳುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆರನೆಯ ವಯಸ್ಸಿನಿಂದ ಸಾವಿರಾರು ಕಿತ್ತಿದ್ದೇನೆ. ಸೊಪ್ಪನ್ನು ಬುಡದಲ್ಲಿ ಹಿಡಿಯಬೇಕು, ಅರ್ಧ ಸುತ್ತು ತಿರುಗಿಸಬೇಕು, ಮೀಟಿ ಎಳೆಯಬೇಕು. ಕುರ್ಚಿ ಹತ್ತಿ ನಿಂತು, ಸೊಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ನಮ್ಮಪ್ಪ ಮೆಚ್ಚುವ ಹಾಗೆ ಎಳೆದೆ.

ತಲೆ ಕಿತ್ತು ನನ್ನ ಕೈಗೆ ಬಂತು. ಕುರ್ಚಿಯ ಸಮೇತ ನಾನು ಹಾಲ್‌ನಲ್ಲಿ ಮಲಗಿದ್ದೆ.

ಮೂಲಂಗಿಯ ಕತ್ತಿನಿಂದ ಅರವತ್ತೈದು ದಾಟಿದ ಒಂದು ಬೋಳುತಲೆ ಹೊರಬಂದಿತ್ತು, ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿತು. "ನಾನು ಮೊರಿವಾಕಿ. ಮುಖ ತೋರಿಸಲು ತಡವಾಯಿತು."

ಸೊಪ್ಪನ್ನು ಎದೆಗವಚಿಕೊಂಡು ನಾನು ಎದ್ದು ಕುಳಿತೆ. ಹಿಂದೆ ಕೃತಿ ಲಿಫ್ಟಿನ ಕಡೆ ತಿರುಗಿ ಎರಡೂ ಕಣ್ಣು ಮುಚ್ಚಿಕೊಂಡಿದ್ದಳಂತೆ. "ನಾನೇನೂ ನೋಡ್ಲಿಲ್ಲ ಅಂತ ದೈಕೊ-ಕುನ್‌ಗೆ ಹೇಳಿ," ಎಂದು ಅವಳ ದನಿ ಬಂತು.

ತಲೆಯಿಲ್ಲದ ಮೂಲಂಗಿ ಸ್ಫೂರ್ತಿಯ ಒಂದು ದೂಡಿಗೆ ಹಾಲ್‌ಗೆ ಬಂದು ಬಿತ್ತು. ಅವಳು ಒಂದು ಚೊಂಬು ಮಜ್ಜಿಗೆ ಕುಡಿಸಿದಳು, ಎ.ಸಿ.ಯ ಕೆಳಗೆ ಕೂರಿಸಿದಳು, ಅನ್ನಕ್ಕೆ ಹುಳಿ ಬಡಿಸಿದಳು. ಗ್ರಹಚಾರಕ್ಕೆ ಅಂದು ಮೂಲಂಗಿ ಹುಳಿ. ಮೊರಿವಾಕಿ-ಸಾನ್ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಮೂಲಂಗಿಗೆ ಇಂಥ ಮರ್ಯಾದೆ ನಮ್ಮ ಫ್ಯಾಕ್ಟರಿಯಲ್ಲೂ ಸಿಕ್ಕಿಲ್ಲ," ಎಂದರು. ಎರಡು ಸಲ ಬಡಿಸಿಕೊಂಡರು.

ಆಮೇಲೆ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಗುರುರಾಜ-ಸಾನ್, ನಿಮ್ಮ ಹನ್ನೆರಡು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ನನ್ನ ತಪ್ಪು ಎಂಬುದೇ ಉತ್ತರ. ಎರಡಕ್ಕೆ ಉತ್ತರ ನನಗೂ ಗೊತ್ತಿಲ್ಲ. ಕ್ಲಬ್ಬನ್ನು ಮಾರುತ್ತೀರಾ ಎಂಬ ಪ್ರಶ್ನೆಯೊಂದು ಉಳಿಯಿತು. ಕಾಗದ ಪತ್ರ ತಯಾರಾಗಿದೆ, ಸೋಮವಾರ ಸಹಿ. ವೇಷ ಹಾಕುವವನಿಗೆ ಸಂಬಳ ಕೊಡಲಾಗದೆ ಎಂಟು ವರ್ಷದಿಂದ ನಾನೇ ಹಾಕುತ್ತಿದ್ದೇನೆ. ಪಂದ್ಯಕ್ಕೆ ಬರುವುದಿಲ್ಲ ಎಂದಿರಿ. ಒಂದೂ ತಪ್ಪಿಸಿಲ್ಲ. ಈಗ ಬೆನ್ನು ನೋವು. ನನ್ನ ನಂತರ ಇದರೊಳಗೆ ನಿಲ್ಲುವವರು ಯಾರೂ ಇಲ್ಲ. ಇಲ್ಲದ ಮೇಲೆ ಕ್ಲಬ್ಬು ಯಾರದಾದರೇನು ಎಂದುಕೊಂಡಿದ್ದೆ."

ಎಂಟು ವರ್ಷ. ಹಾಗಾದರೆ ಸ್ಟೇಷನ್ನಿನ ಎದುರು ಬೋರಲು ಬಿದ್ದವರು ನೀವೇನಾ ಎಂದು ಕೇಳಿದೆ.

"ಹೌದು," ಎಂದು ಅವರು ತಲೆ ತಗ್ಗಿಸಿದರು. "ಅದೊಂದು ವಿಷಯ ನಾನೇ ಹೇಳಬೇಕಿತ್ತು. ನಿಮ್ಮ ಏಳನೆಯ ಈರುಳ್ಳಿ ನನ್ನ ಎಡಗಾಲಿನೊಳಗೆ ಸೇರಿಕೊಂಡಿತ್ತು. ಮನೆಗೆ ಹೋದಾಗ ಸಿಕ್ಕಿತು. ವಿಳಾಸ ಗೊತ್ತಿರಲಿಲ್ಲ, ಮಿಸೊ ಸಾರಿಗೆ ಹಾಕಿಬಿಟ್ಟೆವು. ನಾಲ್ಕು ವರ್ಷದಿಂದ ಮನಸ್ಸಿಗೆ ಚುಚ್ಚುತ್ತಿದೆ."

ನಾನು ನೋಟ್‌ಬುಕ್ ಮುಚ್ಚಿದೆ. ಹದಿಮೂರು, ಹದಿನಾಲ್ಕನೆಯ ಪ್ರಶ್ನೆಗಳನ್ನು ಇಂದಿಗೂ ಯಾರೂ ಕೇಳಿಲ್ಲ.

"ಒಳಗಿರೋರಿಗೆ ಎತ್ತರ ಎಷ್ಟಿರ್ಬೇಕು?" ಸ್ಫೂರ್ತಿ ತನಗೆ ಬರುವಷ್ಟು ಜಪಾನಿಯಲ್ಲಿ ಕೇಳಿದಳು.

"ಸುಮಾರು ಇವರಷ್ಟು," ಎಂದು ಮೊರಿವಾಕಿ-ಸಾನ್ ನನ್ನನ್ನು ಅಳೆದರು.

"ಮಾತಾಡೋ ಹಾಗಿಲ್ಲ ಅಲ್ವಾ? ಎಷ್ಟು ಹೊತ್ತು?"

"ಎರಡೂವರೆ ಗಂಟೆ."

"ಒಂದು ಮಾತೂ?"

"ಒಂದೂ ಇಲ್ಲ."

"ಇವತ್ತೇ ಕರ್ಕೊಂಡು ಹೋಗಿ," ಎಂದಳು ಸ್ಫೂರ್ತಿ. ಐವತ್ತು ಸಾವಿರ ಯೆನ್ನಿನ ವಿಷಯವನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಬದಲಿಗೆ, ತಿಂಗಳಿಗೆ ಎರಡೇ ಪಂದ್ಯವೇಕೆ ಎಂದು ಕ್ಲಬ್ಬಿಗೆ ಪತ್ರ ಬರೆದಳು.

ಕಳೆದ ಭಾನುವಾರ ಒಬ್ಬ ಅಭಿಮಾನಿ ನನ್ನ ಮೂಲಂಗಿ ಹೊಟ್ಟೆಗೆ ಬೆರಳು ಚುಚ್ಚಿ, ಈ ಮಾಲೀಕನಿಗೆ ಬುದ್ಧಿಯಿಲ್ಲ ಎಂದು ಅರ್ಧ ಗಂಟೆ ವಿವರಿಸಿದ. ಅವನ ಕೈಯಲ್ಲೊಂದು ನೋಟ್‌ಬುಕ್ ಇತ್ತು. ನಾನು ತಲೆಯಾಡಿಸಿದೆ.

ಆ ಸೋಮವಾರದ ಸಹಿ ಬೀಳಲೇ ಇಲ್ಲ. ಮೊರಿವಾಕಿ-ಸಾನ್ ಈಗ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಾರೆ. ಬೆನ್ನು ಸುಧಾರಿಸಿದೆಯಂತೆ.