ನನ್ನನ್ನು ಹತ್ತಿಸಿಕೊಳ್ಳುವ ವ್ಯಾನಿನವರ ಮೇಲೊಂದು ದೂರು

ನಮ್ಮ ಸೈಕಲ್ ಸಂಘದ ರೇಸುಗಳಲ್ಲಿ ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಘನತೆಯಿಂದ ವ್ಯಾನು ನಡೆಸಿ, ಸುಸ್ತಾದವರನ್ನು ಎತ್ತಿಕೊಂಡು ಬರುವ ಮಾನ್ಯ ಚಾಲಕರೇ,

ಅನಂತ ನಮಸ್ಕಾರಗಳು. ತಾವು ಕ್ಷೇಮ, ವ್ಯಾನು ಕ್ಷೇಮ, ಸೀಟಿನ ಪಕ್ಕದ ಟೀ ಫ್ಲಾಸ್ಕೂ ಕ್ಷೇಮವೆಂದು ನಂಬಿದ್ದೇನೆ. ‘ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್’ ಎಂದು ಕಾಲೇಜಿನಲ್ಲಿ ಪತ್ರ ಶುರುಮಾಡಿಸುತ್ತಿದ್ದರು. ಆಮೇಲಿನದು ಮರೆತುಹೋಗಿರುವುದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ಈ ವರ್ಷದ ಐದೂ ರೇಸುಗಳು ಮುಗಿದವು. ಐದಕ್ಕೂ ನಾನು ಸೈಕಲ್ ಹತ್ತಿ ಹೊರಟೆ, ಐದರಲ್ಲೂ ತಮ್ಮ ವ್ಯಾನಿನಿಂದ ಇಳಿದೆ. “ಭಾವ, ನಿಮ್ಗೆ ಸೈಕಲ್ ಯಾಕೆ, ಒಂದು ಬಸ್ ಪಾಸ್ ಮಾಡಿಸ್ಕೊಳ್ಳಿ” ಎಂದು ನಾದಿನಿ ಫೋನಿನಲ್ಲೇ ನಗುತ್ತಾಳೆ.

ನನ್ನ ದೂರು ತಾವು ಕರ್ತವ್ಯ ಮಾಡುವುದಿಲ್ಲವೆಂದಲ್ಲ, ವಿಪರೀತ ಚೆನ್ನಾಗಿ ಮಾಡುತ್ತೀರೆಂದು. ಎದುರುಗಾಳಿಗೆ ಏದುಸಿರು ಬಿಡುತ್ತಾ ತುಳಿಯುವವನ ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ, “ಏನ್ ಯಜಮಾನ್ರೇ, ಬೆಳಿಗ್ಗೆ ಏನಾದ್ರೂ ತಿಂದ್ರಾ?” ಎಂದರೆ ಅವನು ಏನಾಗಬೇಕು? ನನ್ನವಳು ಹೋಗಿ ಮೂರು ವರ್ಷವಾಯಿತು. ಈಗ ಮನೆಯಲ್ಲಿ ನನ್ನನ್ನು ಉದ್ದೇಶಿಸಿ ಸದ್ದು ಮಾಡುವುದು ಫ್ರಿಜ್ಜೊಂದೇ, ಅದೂ ಬಾಗಿಲು ಸರಿಯಾಗಿ ಹಾಕದಿದ್ದರೆ. ಬೆನ್ನಿಗೆ ರೇಸಿನ ನಂಬರು ಚುಚ್ಚುತ್ತಿದ್ದವಳು ಅವಳೇ; ನಾಲ್ಕು ಪಿನ್ನು, ಕೂದಲೆಳೆಯಷ್ಟೂ ಸೊಟ್ಟವಿಲ್ಲ. ಈಗ ಅಂಗಿಯನ್ನು ಮೇಜಿನ ಮೇಲೆ ಹರಡಿ ನಾನೇ ಚುಚ್ಚಿಕೊಂಡರೆ ನಂಬರು ಬಲಭುಜದ ಕಡೆಗೆ ವಲಸೆ ಹೋಗಿರುತ್ತದೆ. ವ್ಯಾನು ಹತ್ತಿದವರ ನಂಬರು ಬಿಚ್ಚಬೇಕೆಂಬುದು ನಿಯಮ, ಒಪ್ಪಿದೆ. ಆದರೆ “ಅಲ್ಲಾಡ್ಬೇಡಿ, ಚುಚ್ಚುತ್ತೆ” ಎನ್ನುತ್ತಾ ಒಂದೊಂದೇ ಪಿನ್ನು ತೆಗೆದು ಜೇಬಿಗೆ ಹಾಕಿಕೊಡಿ ಎಂದು ಯಾವ ನಿಯಮದಲ್ಲಿದೆ? ಇಷ್ಟು ಮರ್ಯಾದೆಯಿಂದ ಸೋಲಿಸುವವರಿದ್ದರೆ ಗೆಲ್ಲುವ ದುರ್ಬುದ್ಧಿ ಯಾರಿಗೆ ಬಂದೀತು?

ಕೊನೆಯ ರೇಸಿನ ಸಂಗತಿ ಹೇಳಿಯೇಬಿಡುತ್ತೇನೆ. ಏರು ದಾಟಿತ್ತು, ಗುರಿಯ ಬ್ಯಾನರು ಕಾಣುತ್ತಿತ್ತು. “ಇನ್ನೊಂದೇ ಕಿಲೋಮೀಟ್ರು, ತುಳೀರಿ ಯಜಮಾನ್ರೇ!” ಎಂದು ತಾವು ಕೂಗಿದ್ದು ನಿಜ. ಕಾಲು ಹಿಡಿದುಕೊಂಡಿದೆ ಎಂದು ನಾನು ಹೇಳಿದ್ದು ಸುಳ್ಳು. ಕಾಲು ಗಟ್ಟಿಯಾಗಿಯೇ ಇತ್ತು. ಮುಂದಿನ ರೇಸಿಗೆ, ಅಂದರೆ ತಮ್ಮ ವ್ಯಾನಿಗೆ, ಇನ್ನು ಏಳು ತಿಂಗಳಿದೆಯೆಂದು ನೆನಪಾಯಿತು, ಇಳಿದುಬಿಟ್ಟೆ. ಆ ತಪ್ಪಿಗೂ ತಾವೇ ಹೊಣೆ.

ಈಗ ಸಂಘದಿಂದ ಕಾಗದ ಬಂದಿದೆ. ಮುಂದಿನ ವರ್ಷವೂ ಒಂದು ರೇಸನ್ನಾದರೂ ಮುಗಿಸದಿದ್ದರೆ ಸವಾರರ ಪಟ್ಟಿಯಿಂದ ನನ್ನ ಹೆಸರು ತೆಗೆದು, ಕೈಗೊಂದು ಬಾವುಟ ಕೊಟ್ಟು ತಿರುವಿನಲ್ಲಿ ನಿಲ್ಲಿಸುತ್ತಾರಂತೆ. ಬಾವುಟದವನನ್ನು ತಮ್ಮ ವ್ಯಾನು ಹತ್ತಿಸಿಕೊಳ್ಳುವುದಿಲ್ಲ. ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. ಅಂದರೆ ತಮ್ಮ ವ್ಯಾನಿನಲ್ಲಿ ಕೂರುವ ಹಕ್ಕು ಉಳಿಯಬೇಕಾದರೆ, ಒಂದು ಸಲವಾದರೂ ಅದನ್ನು ಹತ್ತದೆ ಗುರಿ ಮುಟ್ಟಬೇಕು. ಎಂಥ ನ್ಯಾಯ ನೋಡಿ!

ಆದಕಾರಣ ಚಳಿಗಾಲಕ್ಕೆ ಯೋಜನೆ ಹಾಕಿದ್ದೇನೆ. ನಡುಮನೆಯಲ್ಲಿ ಸ್ಟ್ಯಾಂಡಿಗೆ ಸೈಕಲ್ ಬಿಗಿದಾಗಿದೆ. ದಿನವೂ ಒಂದು ಗಂಟೆ ಗೋಡೆಯನ್ನೇ ನೋಡುತ್ತಾ ತುಳಿಯುವುದು, ಎರಡು ಬನ್ನಿನ ಜಾಗದಲ್ಲಿ ಒಂದು ತಿನ್ನುವುದು. ತಮ್ಮಲ್ಲಿ ಬೇಡುವುದಿಷ್ಟೇ: ಮುಂದಿನ ವರ್ಷ ಮುಖ ಗಂಟುಹಾಕಿಕೊಂಡು ಬನ್ನಿ, ಬಾಗಿಲಿಗೆ ಬೀಗ ಹಾಕಿ, ಟೀಯನ್ನು ನನ್ನ ಕಣ್ಣೆದುರೇ ಚರಂಡಿಗೆ ಸುರಿಯಿರಿ. ಇದು ತಮ್ಮ ಸ್ವಭಾವಕ್ಕೆ ಅಸಾಧ್ಯವೆಂದಾದರೆ, ಭಾನುವಾರಗಳಂದು ನಮ್ಮ ಮನೆಗೆ ಬಂದು, ತುಳಿಯುವ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಬೈಯಿರಿ. ಟೀ ನಾನೇ ಮಾಡುತ್ತೇನೆ. ಆಡಬೇಕಾದ ಮಾತೆಲ್ಲ ಅಲ್ಲೇ ಆಡಿ ಮುಗಿದರೆ, ರೇಸಿನ ಮಧ್ಯೆ ಇಳಿಯಲು ನನಗೆ ನೆಪ ಉಳಿಯಲಾರದು.

ಇಂತಿ, ಸದ್ಯಕ್ಕೆ ಗೋಡೆಯ ಎದುರು,
ತಮ್ಮ ಹಿಂದಿನ ಸೀಟಿನ ಖಾಯಂ ವಿಶ್ವಾಸಿ

ತಾ.ಕ.: ಇಷ್ಟಾದರೂ ಮೊದಲ ರೇಸಿನಲ್ಲಿ ನಾನು ತಿರುಗಿ ನೋಡಿದರೆ, ದಯವಿಟ್ಟು ವ್ಯಾನನ್ನು ಹಿಂದಕ್ಕೆ ಓಡಿಸಿಕೊಂಡು ಹೋಗಿಬಿಡಿ. ರಿವರ್ಸ್ ತಮಗೆ ಅಷ್ಟಾಗಿ ಒಗ್ಗದೆಂದು ಸಂಘದ ಗೇಟಿನ ಕಂಬ ನೋಡಿದವರಿಗೆಲ್ಲ ಗೊತ್ತು. ಆದರೆ ಅಭ್ಯಾಸಕ್ಕೆ ತಮಗೂ ಇಡೀ ಚಳಿಗಾಲವಿದೆ.